ಚಟಪಟವಿಲ್ಲದ ಹಾಡು

ಮಾರ್ಚ್ ೩, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಕಲ್ಲುಗಿವಿ ತಂಗಿಯ ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನು, ಭಾವ, ನಿನ್ನ ಹತ್ತಿರ ಹಾಡು ಕಲಿಯಲು ಬರುವ ಆ ಕಪಿಸೈನ್ಯ, ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈಯಲೇಬೇಕೆಂದಿದ್ದರೆ ಪತ್ರದಲ್ಲೇ ಬೈ, ಫೋನು ಮಾಡಬೇಡ. ದಿನವಿಡೀ ಹೆಡ್‌ಫೋನು ಹಾಕಿಕೊಂಡು ಕೂರುವವಳು ಮನೆಗೆ ಬಂದ ಮೇಲೂ ಕಿವಿಗೆ ಇನ್ನೇನನ್ನೋ ಒತ್ತಿಕೊಳ್ಳಬೇಕೆಂದರೆ ಮೈಯೆಲ್ಲ ಉರಿಯುತ್ತದೆ.

ಇವತ್ತು ಮಾತ್ರ ಬರೆಯದೆ ಇರಲಾಗಲಿಲ್ಲ. ಕೂತುಕೊಂಡು ಓದು, ನಿಂತಿದ್ದರೆ ಬಿದ್ದುಬಿಟ್ಟೀಯ. ನನಗೆ ಒಂದು ಹಾಡು ಇಷ್ಟವಾಗಿದೆ.

ನಗಬೇಡವೇ. ಚಿಕ್ಕಂದಿನಿಂದ ಒಂದೊಂದೇ ಹಾಡನ್ನು ನನ್ನ ಮುಂದೆ ಹಾಡಿ "ಇದಾದ್ರೂ ಚೆನ್ನಾಗಿದೆ ಅನ್ನೇ" ಎಂದು ಗೋಗರೆಯುತ್ತಿದ್ದೆ. ನಾನು "ಹೂಂ, ಪರವಾಗಿಲ್ಲ" ಅಂದು ಎದ್ದು ಹೋಗುತ್ತಿದ್ದೆ. ಕೊರಳಿನಿಂದ ಬಂದದ್ದೇ ಹಾಡು, ಕರೆಂಟು ಬಂದ ದಿನವೇ ಸಂಗೀತ ಸತ್ತುಹೋಯಿತು ಅನ್ನುವ ನಿನ್ನ ವಾದಕ್ಕೆ ನಾನು ಯಾವತ್ತೂ ಎದುರಾಡಿದವಳಲ್ಲ, ಒಪ್ಪಿದವಳೂ ಅಲ್ಲ. ಸತ್ತರೂ ಬದುಕಿದರೂ ನನಗೆ ಎರಡೂ ಒಂದೇ ಆಗಿತ್ತು.

ನನ್ನ ಕೆಲಸದ ವಿಷಯವನ್ನು ನೀನು ಊರಿಗೆಲ್ಲ ತಪ್ಪಾಗಿ ಹೇಳಿಕೊಂಡು ಬರುತ್ತೀಯ. "ನಮ್ಮ ತಂಗಿಗೇನಮ್ಮ, ಕೂತ್ಕೊಂಡು ಹಾಡು ಕೇಳೋದಕ್ಕೆ ಸಂಬಳ ಕೊಡ್ತಾರೆ!" ಹಾಡು ಕೇಳುವುದಕ್ಕಲ್ಲ ಅಕ್ಕ, ಕೇಳದೆ ಇರುವುದಕ್ಕೆ ಕೊಡುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ರೆಕಾರ್ಡು ಒತ್ತಿ ತೆಗೆದ ಮೇಲೆ ಪ್ರತಿ ಲಾಟಿನಿಂದ, ಅಂದರೆ ಒಂದು ಸಲ ಒತ್ತಿದ ಕಟ್ಟಿನಿಂದ, ಒಂದನ್ನು ನನ್ನ ಗಾಜಿನ ಕೋಣೆಗೆ ತಂದಿಡುತ್ತಾರೆ. ನಾನು ಸೂಜಿ ಇಳಿಸಿ, ಕಣ್ಣು ಮುಚ್ಚಿ, ಹಾಡಿನ ಹಿಂದೆ ಅಡಗಿರುವ ಕಳ್ಳರನ್ನು ಹುಡುಕಬೇಕು. ಟಿಕ್ ಅನ್ನುವವನು ಒಬ್ಬ, ಚಟಪಟ ಅನ್ನುವವನು ಇನ್ನೊಬ್ಬ, ಸುಯ್ ಎಂದು ಉಸಿರು ಬಿಡುವವನು ಮತ್ತೊಬ್ಬ. ಒಬ್ಬ ಸಿಕ್ಕಿದರೂ ಇಡೀ ಲಾಟು ಪುಡಿ ಮಾಡುವ ಯಂತ್ರಕ್ಕೆ ಹೋಗುತ್ತದೆ. ಹಾಡೆಂದರೆ ಬಾಗಿಲಲ್ಲಿ ಅಡ್ಡ ನಿಂತ ಜನಜಂಗುಳಿ. ಅದನ್ನು ಸರಿಸದಿದ್ದರೆ ಕಳ್ಳ ಕಾಣುವುದಿಲ್ಲ. ಸರಿಸಿ ಸರಿಸಿ ನನಗೆ ಜಂಗುಳಿಯೇ ಕಾಣದಂತಾಗಿತ್ತು.

ಊಟದ ಕೋಣೆಯಲ್ಲಿ ಮಾತ್ರ ಎಲ್ಲರೂ ಸಂಗೀತಕ್ಕೆ ಪ್ರಾಣ ಬಿಡುವವರೇ. ಅಲ್ಲೊಂದು ಹಳೆಯ ಪ್ಲೇಯರ್ ಇದೆ. ನಾನು ತಿರಸ್ಕರಿಸಿದ ಲಾಟುಗಳಿಂದ ಪುಡಿಯಾಗದಂತೆ ಉಳಿಸಿಕೊಂಡ ರೆಕಾರ್ಡುಗಳ ಡಬ್ಬದಿಂದ ದಿನಕ್ಕೊಬ್ಬರು ಸರದಿಯಂತೆ ಒಂದನ್ನು ಆರಿಸಿ ಹಾಕಬೇಕು. ಅದು ಮುಗಿಯುವವರೆಗೆ ಬೇರೆಯವರು ತುಟಿ ಬಿಚ್ಚಬಾರದು, ಮುಗಿದ ಮೇಲೆ ಎಷ್ಟು ಬೇಕಾದರೂ ಜಗಳವಾಡಬಹುದು. ಬಾಯ್ಲರ್ ನೋಡಿಕೊಳ್ಳುವವರನ್ನು ನಾವೆಲ್ಲ ಬಾಯ್ಲರ್ ಮಾವ ಅನ್ನುತ್ತೇವೆ. ಅವರಿಗೆ ಹಳೆಯ ಬ್ಯಾಂಡು ಅಂದರೆ ಜೀವ, ತುತ್ತೂರಿ, ಡೋಲು, ಕವಾಯತಿನ ಹೆಜ್ಜೆ. ಪ್ಯಾಕಿಂಗ್‌ನ ಹುಡುಗಿಗೆ ಕಂಪ್ಯೂಟರಿನಲ್ಲಿ ಮಾಡಿದ ಕುಣಿತದ ಸಂಗೀತ ಬಿಟ್ಟರೆ ಉಳಿದದ್ದೆಲ್ಲ ಮ್ಯೂಸಿಯಂ.

"ಊದೋಕೆ ಎದೇಲಿ ದಮ್ ಬೇಕಮ್ಮ. ನಿಮ್ದೇನು, ಗುಂಡಿ ಒತ್ತಿದ್ರೆ ಆಯ್ತು," ಅನ್ನುತ್ತಾರೆ ಮಾವ.

"ನಿಮ್ಮ ಬ್ಯಾಂಡ್ ಕೇಳಿದ್ರೆ ಯಾರೋ ಪಾತ್ರೆ ಅಂಗಡಿ ಖಾಲಿ ಮಾಡ್ತಿದಾರೆ ಅನ್ಸತ್ತೆ ಮಾವ," ಅನ್ನುತ್ತಾಳೆ ಅವಳು.

ತಿರಸ್ಕರಿಸಿದ್ದನ್ನೇ ಕೇಳಿ ಬೆಳೆದ ಅಭಿಮಾನಿಗಳು ಇವರು, ನೆನಪಿಟ್ಟುಕೋ. ಮಾವನ ಮೆಚ್ಚಿನ ಬ್ಯಾಂಡಿನ ರೆಕಾರ್ಡಿನಲ್ಲಿ ಸೂಜಿ ಒಂದು ಕಡೆ ಎಗರಿ ಮುಂದಕ್ಕೆ ಹೋಗುತ್ತದೆ. ಅವರು ಗುನುಗುವಾಗಲೂ ಸರಿಯಾಗಿ ಅಲ್ಲೇ ಎಗರುತ್ತಾರೆ. ಒಮ್ಮೆ ಊರಿನ ಮೈದಾನದಲ್ಲಿ ನಿಜವಾದ ಬ್ಯಾಂಡು ಅದನ್ನೇ ಬಾರಿಸಿತಂತೆ. ಮರುದಿನ ಬಂದು ದೂರಿದರು: "ಮಧ್ಯದಲ್ಲಿ ತಮ್ಮದೇನೋ ಸೇರಿಸ್ಕೊಂಡು ಬಾರಿಸ್ತಾರಮ್ಮ, ಶಿಸ್ತೇ ಇಲ್ಲ!"

ಈ ಜಗಳಗಳ ನಡುವೆ ನಾನು ಗೋಡೆ ನೋಡುತ್ತಾ ಊಟ ಮಾಡಿ ಎದ್ದುಬಿಡುತ್ತಿದ್ದೆ.

ಹೋದ ವಾರ ನನ್ನ ಕೋಣೆಗೆ ಬಹಳ ಹಳೆಯ ಹಾಡುಗಳ ಹೊಸ ಲಾಟು ಬಂತು. ನಮ್ಮಜ್ಜಿ ಹುಡುಗಿಯಾಗಿದ್ದ ಕಾಲದಲ್ಲಿ ಜೋಡಿಗಳು ಕುಣಿಯಲೆಂದು ಹಾಡುತ್ತಿದ್ದರಲ್ಲ, ಆ ಬಗೆಯವು. ಒಂದು ಪಿಯಾನೋ, ಒಂದು ಕ್ಲಾರಿನೆಟ್, ದಪ್ಪ ತಂತಿಯ ಒಂದು ವಾದ್ಯ, ಒಬ್ಬ ಹೆಂಗಸು. ಹಳೆಯ ಹಾಡಿಗೆ ಸಣ್ಣ ಮಳೆ ಸುರಿದಂಥ ಸದ್ದು ಇದ್ದೇ ಇರುತ್ತದೆ. ಸೂಜಿ ಇಳಿಸಿ ಆ ಮಳೆಗೆ ಕಾದೆ. ಬರಲಿಲ್ಲ. ಕಳ್ಳರನ್ನು ಹುಡುಕಿದೆ. ಒಬ್ಬನೂ ಇಲ್ಲ. ಹುಡುಕಲು ಏನೂ ಇಲ್ಲದೆ ಕಿವಿ ಬರಿದಾಗಿ ನಿಂತಾಗ ಆ ಹೆಂಗಸು ಹಾಡತೊಡಗಿದಳು.

ಅಕ್ಕ, ಅವಳು ತಾಳಕ್ಕೆ ಸರಿಯಾಗಿ ಬರುವುದೇ ಇಲ್ಲ! ತಾಳ ಬಂದು ಬಾಗಿಲಲ್ಲಿ ನಿಂತಿರುತ್ತದೆ, ಇವಳು ಒಳಗೆ ಇನ್ನೂ ತಲೆ ಬಾಚಿಕೊಳ್ಳುತ್ತಿರುತ್ತಾಳೆ. ತಪ್ಪಿದಳು ಅನ್ನುವಷ್ಟರಲ್ಲಿ ಬಂದು ಪಕ್ಕದಲ್ಲಿ ನಿಂತಿರುತ್ತಾಳೆ. ಪ್ರತಿ ಸಲವೂ ಹಾಗೇ. ನನ್ನ ಮೈ ಜುಮ್ಮೆಂದಿತು. ಮನುಷ್ಯರು ಇಂಥದ್ದನ್ನು ಮಾಡಬಲ್ಲರು, ಮಾಡಿ ಎಷ್ಟೋ ಕಾಲವಾಗಿದೆ, ಅದು ಇಷ್ಟು ವರ್ಷ ನನ್ನ ಎರಡು ಕಿವಿಗಳ ನಡುವೆಯೇ ಓಡಾಡಿಕೊಂಡಿತ್ತು! ಸೈಡು ಮುಗಿದು ಸೂಜಿ ಸುಮ್ಮನೆ ಸುತ್ತುತ್ತಿತ್ತು, ನಾನು ಅಳುತ್ತಾ ಕೂತಿದ್ದೆ. ಆಮೇಲೆ ಮೂಗು ಒರೆಸಿಕೊಂಡು ಲಾಟಿಗೆ ಪಾಸ್ ಮುದ್ರೆ ಹೊಡೆದೆ.

ಅವತ್ತಿನಿಂದ ಯಾವ ರೆಕಾರ್ಡು ಹಾಕಿದರೂ ಹಾಡೇ ಕೇಳಿಸುತ್ತದೆ. ಇನ್ನು ನೀನು ಹಾಡಿದರೆ "ಪರವಾಗಿಲ್ಲ" ಅನ್ನುವುದಿಲ್ಲ, ಭಾಷೆ ಕೊಡುತ್ತೇನೆ.

ಭಾವನಿಗೆ ನಮಸ್ಕಾರ, ಕಪಿಗಳಿಗೆ ಆಶೀರ್ವಾದ.

ನಿನ್ನ ತಂಗಿ


ಏಪ್ರಿಲ್ ೧೪

ಅಕ್ಕ,

ನಿನ್ನ ಪತ್ರ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. "ಕಡೆಗೂ ಮನುಷ್ಯಳಾದೆ, ಆದರೆ ತಪ್ಪು ಮನುಷ್ಯಳಾದೆ" ಎಂದು ಬರೆದಿದ್ದೀಯ. ಕೊರಳಿನ ಹಾಡು ಮನೆಯಲ್ಲೇ ಇರುವಾಗ ಪಿಯಾನೋ ಹಿಂದೆ ಹೋದ ದ್ರೋಹಿ ನಾನು. ಇರಲಿ ಬಿಡು, ಜಗಳವಾಡಲು ನಮಗೀಗ ಒಂದು ವಿಷಯ ಸಿಕ್ಕಿತಲ್ಲ. ಉತ್ತರ ತಡವಾದದ್ದಕ್ಕೆ ಕಾರಣ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಸಂತೋಷದ ಸುದ್ದಿ ಬರೆದುಬಿಡುತ್ತೇನೆ.

ಊಟದ ಕೋಣೆಯಲ್ಲಿ ನಾನೂ ಸರದಿಗೆ ನಿಂತೆ. ಅಲ್ಲಿದ್ದವರ ಮುಖ ನೋಡಬೇಕಿತ್ತು ನೀನು. "ನೀವಾ?" ಎಂದು ಪ್ಯಾಕಿಂಗ್ ಹುಡುಗಿ ಬಾಯಿ ಬಿಟ್ಟಳು. ನನ್ನ ಹೆಂಗಸಿನ ರೆಕಾರ್ಡಿನ ಒಂದು ಪ್ರತಿಯನ್ನು ಮೂಲೆ ಮುರಿದು ಅಂಗಡಿಗೆ ಹೋಗದೆ ಉಳಿದ ಪೆಟ್ಟಿಗೆಯಿಂದ ತಂದು ಹಾಕಿದೆ. ಮುಗಿದ ಮೇಲೆ ಬಾಯ್ಲರ್ ಮಾವ ಗಂಟಲು ಸರಿಮಾಡಿಕೊಂಡು, "ನಮ್ಮ ಬ್ಯಾಂಡಿನವರು ಇವಳನ್ನ ಒಂದೇ ವಾರದಲ್ಲಿ ತಾಳಕ್ಕೆ ತಂದ್ಬಿಡ್ತಿದ್ರು," ಅಂದರು. ನಾನು ತಟ್ಟೆ ಬಿಟ್ಟು ಎದ್ದೆ. ಆ ತಡದಲ್ಲೇ ಅವಳ ಪ್ರಾಣವಿದೆ, ನಿಮ್ಮ ಬ್ಯಾಂಡು ಆನೆ ನಡೆದ ಹಾಗೆ ಧಪ್ ಧಪ್ ಅನ್ನುತ್ತದೆ ಅಷ್ಟೇ ಅಂತ ಏನೇನೋ ಕೂಗಿದೆ. ನನ್ನ ಬಾಯಿಂದ ಇಂಥ ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಮಾವ ಪಟ್ಟು ಹಿಡಿದು ತಮ್ಮ ಬ್ಯಾಂಡು ಹಾಕಿದರು, ಹುಡುಗಿ ತನ್ನ ಕಂಪ್ಯೂಟರ್ ಸಂಗೀತ ಹಾಕಿದಳು. ಸತ್ಯ ಹೇಳಲಾ? ಎರಡಕ್ಕೂ ಸೋತೆ. ತುತ್ತೂರಿಯವರೆಲ್ಲ ಒಟ್ಟಿಗೆ ಉಸಿರು ತುಂಬಿಕೊಂಡು ಊದಿದರೆ ಕೋಣೆಯ ಗೋಡೆಗಳೇ ಎದೆ ಉಬ್ಬಿಸಿದಂತಾಗುತ್ತದೆ. ಹುಡುಗಿಯದ್ದರಲ್ಲಿ ಕೆಳಗಿನಿಂದ ಒಂದು ಗುಂಯ್ ಬರುತ್ತದೆ ನೋಡು, ಅದು ಕಿವಿಗಲ್ಲ, ಬೆಂಚಿನ ಮೂಲಕ ಸೀದಾ ಹೊಟ್ಟೆಗೆ ಹೋಗುತ್ತದೆ. ಒಬ್ಬ ಎದೆಯಿಂದ ಮಾಡಿದ, ಇನ್ನೊಬ್ಬ ಗುಂಡಿ ಒತ್ತಿ ಮಾಡಿದ, ನೀನು ಏನೂ ಇಲ್ಲದೆ ಬರೀ ಕೊರಳಿನಿಂದ ಮಾಡುತ್ತೀಯ. ಎಲ್ಲ ಕಾಲದವರೂ ಇದನ್ನೇ ಮಾಡುತ್ತಾ ಬಂದಿದ್ದಾರೆ, ಯಾರೂ ಹೇಳಿಕೊಡದೆ, ಯಾರೂ ಬೇಡವೆಂದರೂ ಬಿಡದೆ. ಬಸ್ಸಿನಲ್ಲಿ ಜನರ ಮುಖ ನೋಡುತ್ತೇನೆ. ಇವರೆಲ್ಲರ ತಲೆಯೊಳಗೂ ಏನೋ ಒಂದು ಹಾಡು ಓಡುತ್ತಿರಬಹುದಲ್ಲ ಅಂತ ಆಶ್ಚರ್ಯವಾಗುತ್ತದೆ. ದೊಡ್ಡ ಮನೆಯೊಂದರ ಹೊರಗಿನ ಜಗುಲಿಯಲ್ಲೇ ಇಷ್ಟು ವರ್ಷ ಕೂತಿದ್ದು ಈಗ ಒಳಗೆ ಬಂದಂತಿದೆ.

ಇನ್ನು ತಡವಾದದ್ದಕ್ಕೆ ಕಾರಣ. ಅವತ್ತು ಜಗಳದ ನಡುವೆ ಹುಡುಗಿ ಅಂದಳು, "ನಿಮ್ಮ ಹಾಡಲ್ಲಿ ನಂಗೆ ಇಷ್ಟ ಆಗಿದ್ದು ಹಿಂದೆ ಸಣ್ಣಗೆ ಝಿಲ್ ಝಿಲ್ ಅಂತ ಬರತ್ತಲ್ಲ, ಆ ಕಂಚಿನ ತಾಳ ಒಂದೇ."

"ಯಾವ ಕಂಚಿನ ತಾಳ? ಅದ್ರಲ್ಲಿ ಅಂಥದ್ದೇನೂ ಇಲ್ಲ," ಅಂದೆ.

"ಪೂರ್ತಿ ಇದೆಯಲ್ಲ!"

"ನನ್ನ ಹತ್ರ ನಿನ್ನ ಆಟ ಬೇಡ. ಕೇಳೋದೇ ನನ್ನ ಕೆಲಸ."

ಹುಡುಗಿ ಮಾವನ ಮುಖ ನೋಡಿದಳು. ಮಾವ ತಟ್ಟೆ ತೊಳೆಯಲು ಎದ್ದರು. ಎದುರು ಮಾತಾಡದೆ ಇರುವ ಪ್ರಾಣಿಗಳಲ್ಲ ಅವೆರಡೂ. ಅದು ನನಗೆ ಹಿಡಿಸಲಿಲ್ಲ.

ಮುಂದಿನ ವಾರ ಅಂಗಡಿಗಳಿಂದ ಆ ಲಾಟು ವಾಪಸು ಬಂತು. ಹಾಡಿನುದ್ದಕ್ಕೂ ಚಟಪಟ ಅಂತೆ. ಅದರ ಹಿಂದೆಯೇ ಇನ್ನೊಂದು ಲಾಟು, ಅದಕ್ಕೂ ನನ್ನದೇ ಮುದ್ರೆ. ಸೂಪರ್‌ವೈಸರಮ್ಮ ಒಳ್ಳೆಯ ಹೆಂಗಸು, ಬೈಯಲಿಲ್ಲ. ನನ್ನ ಪಕ್ಕ ಕೂತು, "ನೀವು ಪಾಸ್ ಮಾಡಿದ್ದು ಯಾವತ್ತೂ ವಾಪಸ್ ಬಂದಿರ್ಲಿಲ್ಲ. ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ. ಅಲ್ಲೀವರ್ಗೂ ಕೋಣೆಗೆ ಬೇರೆಯವ್ರನ್ನ ಕೂರಿಸ್ತೀನಿ," ಅಂದರು. ಇಲ್ಲವೆನ್ನಲು ನನ್ನ ಬಳಿ ಏನಿದೆ? ಹಾಡಿನಲ್ಲಿ ಮೈಮರೆತು ಚಟಪಟವನ್ನು ಗಮನಿಸಲಿಲ್ಲ ಎಂದುಕೊಂಡರೆ ಕೆಲಸಗಳ್ಳಿ ನಾನು. ಗಮನವಿಟ್ಟರೂ ಕೇಳಿಸಲಿಲ್ಲ ಎಂದರೆ ಇನ್ನೂ ಕೆಟ್ಟದ್ದು. ಆ ಕುರ್ಚಿ ಬಿಟ್ಟರೆ ನನಗೆ ಬೇರೆ ಗುರುತೇ ಇಲ್ಲ, ಅಕ್ಕ. ಭಯವಾಗುತ್ತಿದೆ. ಭಯದ ನಡುವೆಯೂ ಆ ಹೆಂಗಸು ತಲೆಯೊಳಗೆ ಹಾಡುತ್ತಲೇ ಇದ್ದಾಳೆ, ನಾಚಿಕೆಯಿಲ್ಲದವಳು.

ಡಾಕ್ಟರನ್ನು ನೋಡಿ ಬಂದು ಬರೆಯುತ್ತೇನೆ. ಭಾವನಿಗೆ ಹೇಳಬೇಡ, ಕಿವಿಗೆ ಎಣ್ಣೆ ಬಿಡು ಅಂತ ಶುರು ಮಾಡುತ್ತಾರೆ.

ನಿನ್ನ ತಂಗಿ


ಮೇ ೫, ಭಾನುವಾರ

ಅಕ್ಕ,

ನಿನ್ನನ್ನು ಮತ್ತೆ ಕಾಯಿಸಿದೆ, ತಪ್ಪಾಯಿತು. ಕಿವಿಯ ಡಾಕ್ಟರು ಒಂದೇ ಸಲಕ್ಕೆ ಬಿಡಲಿಲ್ಲ, ಮತ್ತೆ ಮತ್ತೆ ಕರೆಸಿಕೊಂಡರು.

ನಮ್ಮ ಕೋಣೆಯಂಥದ್ದೇ ಗಾಜಿನ ಕೋಣೆ. ಅಂಥದ್ದೇ ಹೆಡ್‌ಫೋನು. ಈ ಸಲ ಪರೀಕ್ಷೆಗೆ ಬಂದ ರೆಕಾರ್ಡು ನಾನೇ. ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಒತ್ತಿದೆ, ಒತ್ತಿದೆ, ಆಮೇಲೆ ಒತ್ತಲು ಏನೂ ಬರಲಿಲ್ಲ. ಪರೀಕ್ಷೆ ಮುಗಿಯಿತೆಂದು ಹೆಡ್‌ಫೋನು ತೆಗೆದರೆ ಗಾಜಿನಾಚೆ ಡಾಕ್ಟರು ಇನ್ನೂ ಸದ್ದು ಕಳಿಸುತ್ತಲೇ ಇದ್ದರು.

ಡಾಕ್ಟರು ಚಿಕ್ಕ ವಯಸ್ಸಿನವರು, ಮೃದು ಮಾತು. "ತೆಳ್ಳನೆ ಮೇಲಿನ ಸದ್ದುಗಳು ಹೋಗಿವೆ ಅಮ್ಮ. ನಿಧಾನಕ್ಕೆ ಹೋಗಿರ್ತಾವೆ, ನಿಮಗೆ ಗೊತ್ತಾಗಿರಲ್ಲ. ನೀವು ಹೇಳೋ ಆ ಟಿಕ್ಕು, ಚಟಪಟ, ಎಲ್ಲಾ ಇರೋದು ಅಲ್ಲೇ," ಅಂದರು.

"ಹಾಗಾದ್ರೆ ರೆಕಾರ್ಡು ಚೊಕ್ಕ ಆಗಿರ್ಲಿಲ್ವಾ?"

"ಇಲ್ಲಮ್ಮ."

"ಮತ್ತೆ ಹಾಡು? ಅದು ನಿಜವಾಗ್ಲೂ ಅಷ್ಟು ಚೆನ್ನಾಗಿದೆಯಾ, ಅದೂ ನನ್ನ ಕಿವೀದೇ ಕಿತಾಪತಿನಾ?"

ಅವರಿಗೆ ನಗು ಬಂತು. "ಹಾಡು ಹಾಡೇ ಅಮ್ಮ. ಅದ್ರಲ್ಲಿ ಹೆಚ್ಚಿನದ್ದು ಕೆಳಗಿದೆ, ನಿಮಗೆ ಕೇಳಿಸತ್ತೆ. ಸದ್ಯಕ್ಕೆ."

ಸದ್ಯಕ್ಕೆ! ಆ ಮಾತು ಹಿಡಿದುಕೊಂಡು ಅಳಬೇಕಿತ್ತು. ಆದರೆ ಮನೆಗೆ ಬರುವ ದಾರಿಯಲ್ಲೆಲ್ಲ ನನಗೆ ಬಂದದ್ದು ಬೆರಗು ಒಂದೇ. ಕಿವಿ ನನಗೆ ಹೇಳದೆ ಕೇಳದೆ ಕಳ್ಳರನ್ನು ಹೊರಗೆ ಹಾಕಿ, ಜಂಗುಳಿಯನ್ನು ಒಳಗೆ ಬಿಟ್ಟಿದೆ. ಕಳೆದುಕೊಳ್ಳುವುದರಿಂದ ಇಷ್ಟೊಂದು ಸಿಗುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆನೇ?

ಡಾಕ್ಟರು ಕಿವಿಯಲ್ಲಿಡುವ ಯಂತ್ರವೊಂದನ್ನು ಕೊಟ್ಟು ಕೆಲವು ದಿನ ಹಾಕಿ ನೋಡಿ ಅಂದರು. ಹಾಕಿದ ಕೂಡಲೇ ಅವರ ಅಂಗಿಯ ತೋಳು ಮೇಜಿಗೆ ಉಜ್ಜುವ ಸದ್ದು ಬಂತು. ಹೊರಗೆ ಬಂದರೆ ಎಲೆ, ಚಪ್ಪಲಿ, ಯಾರದೋ ಕೈಯ ಕಾಗದದ ಪೊಟ್ಟಣ, ಎಲ್ಲವೂ ಒಮ್ಮೆಗೇ ಮೈಮೇಲೆ ಬಿದ್ದವು. ಸೀದಾ ಊಟದ ಕೋಣೆಗೆ ಹೋಗಿ ನನ್ನ ಹಾಡು ಹಾಕಿದೆ. ಹುಡುಗಿ ಹೇಳಿದ ಕಂಚಿನ ತಾಳ ಇತ್ತು, ಅಕ್ಕ. ಝಿಲ್ ಝಿಲ್ ಎಂದು ಮೊದಲಿನಿಂದ ಕೊನೆಯವರೆಗೂ ಇತ್ತು. ಅದರ ಜೊತೆಗೇ ಚಟಪಟ, ಮಳೆ, ಟಿಕ್, ಕಳ್ಳರ ಸಂಸಾರವೆಲ್ಲ ವಾಪಸು ಬಂದಿತ್ತು. ಹಾಕಿದ ಗಳಿಗೆಯಲ್ಲೇ ನನ್ನ ಕಿವಿ ತನ್ನ ಹಳೆಯ ಕೆಲಸಕ್ಕೆ ಇಳಿದುಬಿಟ್ಟಿತು. ಆ ಹೆಂಗಸು ಮೂಲೆಗೆ ಸರಿದಳು. ಹುಡುಕಿದೆ, ಸಿಗಲಿಲ್ಲ. ಯಂತ್ರ ತೆಗೆದೆ, ಬಂದಳು.

ಸೂಪರ್‌ವೈಸರಮ್ಮ, "ಯಂತ್ರ ಹಾಕ್ಕೊಂಡು ಒಂದು ಪರೀಕ್ಷೆ ಕೊಡಿ. ಗೆದ್ರೆ ಕುರ್ಚಿ ನಿಮ್ಮದೇ," ಅಂದರು. ಗೆಲ್ಲುತ್ತೇನೆಂದು ನನಗೆ ಗೊತ್ತು. ಆದರೆ ಯೋಚಿಸಿ ನೋಡಿ, ಬೇಡವೆಂದುಬಿಟ್ಟೆ. ಪ್ಯಾಕಿಂಗ್‌ಗೆ ಹೋಗುತ್ತೇನೆ, ಆ ಹುಡುಗಿಯ ಪಕ್ಕ. ಸಂಬಳ ಕಡಿಮೆ, ಸೊಂಟ ನೋವು ಜಾಸ್ತಿ. ಬಾಯ್ಲರ್ ಮಾವ ತಲೆ ಚಚ್ಚಿಕೊಂಡರು: "ಹುಚ್ಚು ಹಿಡಿದಿದೆಯೇನಮ್ಮ? ಕೂತು ಮಾಡೋ ಕೆಲಸ ಬಿಟ್ಟು ಪೆಟ್ಟಿಗೆ ಹೊರೋದಕ್ಕೆ ಹೋಗ್ತಾರಾ?" ಹಿಡಿದಿದೆ ಮಾವ, ಹಿಡಿಯದೆ ಬಹಳ ವರ್ಷವಾಗಿತ್ತು ಅಂದೆ. ಹುಡುಗಿ ನನ್ನ ಕೈ ಹಿಡಿದುಕೊಂಡಳು.

ಕೇಳಿಸುವಷ್ಟು ದಿನ ಹಾಡೇ ಕೇಳಿಸಲಿ. ಚಟಪಟ ಕೇಳಿದ್ದು ಸಾಕು. ನಾಳೆ ಯಂತ್ರವನ್ನು ಡಾಕ್ಟರಿಗೆ ವಾಪಸು ಕೊಟ್ಟುಬಿಡುತ್ತೇನೆ. ನೀನು ಬೈದರೂ ಸರಿ.

ನೀನೂ ಭಾವನೂ ನೂರು ಕಾಲ ಚೆನ್ನಾಗಿರಿ. ಮಕ್ಕಳೆಲ್ಲ ನಿನ್ನ ಹಾಗೆ ಕೊರಳು ಬಿಚ್ಚಿ ಹಾಡುವಂತಾಗಲಿ.

ನಿನ್ನ ತಂಗಿ

ಮರೆತ ಮಾತಲ್ಲ, ಹೊಸ ಮಾತು: ಇಷ್ಟು ಬರೆದು ಲಕೋಟೆ ಹುಡುಕುತ್ತಿದ್ದಾಗ ನಿನ್ನ ಫೋನು ಬಂತು. ಬೇಡವೆಂದರೂ ಮಾಡಿದೆಯಲ್ಲ, ಒಳ್ಳೆಯದೇ ಆಯಿತು. ವಾಪಸು ಕೊಡುವ ಮುಂಚೆ ಕೊನೆಯ ದಿನವೆಂದು ಯಂತ್ರ ಕಿವಿಯಲ್ಲೇ ಇತ್ತು. ನೀನು ಮಕ್ಕಳ ಕಾರ್ಯಕ್ರಮದ ವಿಷಯ ಹೇಳುತ್ತಿದ್ದೆ, ಹಾಡಿ ತೋರಿಸುವುದನ್ನು ಈಗ ಅವರಲ್ಲೇ ದೊಡ್ಡ ಹುಡುಗಿಗೆ ಬಿಟ್ಟಿದ್ದೇನೆ ಅಂದು ನಕ್ಕೆ. ಎರಡು ಮಾತಿನ ನಡುವೆ ಒಂದು ಸಣ್ಣ ಕರಕರ ಕೇಳಿಸಿತು. ಲೈನು ಸರಿಯಿಲ್ಲವೆಂದುಕೊಂಡೆ. ಲೈನಿನದಾದರೆ ಒಂದೇ ಸಮನೆ ಇರಬೇಕಿತ್ತು. ಇದು ನೀನು ಸುಮ್ಮನಾದಾಗ ಸುಮ್ಮನಾಗುತ್ತಿತ್ತು, ನೀನು ಮಾತು ಎತ್ತುವಾಗ ನಿನಗಿಂತ ಮೊದಲೇ ಬರುತ್ತಿತ್ತು. ಅದು ನಿನ್ನ ಕೊರಳಿನಲ್ಲಿದೆ, ಅಕ್ಕ. ಚಳಿಗಾಲದಲ್ಲಿ ಬಂದು ಇಲ್ಲಿ ವಾರವಿಡೀ ಇದ್ದೆಯಲ್ಲ, ಆಗ ನಿನ್ನ ದನಿ ಎಂದೂ ಇಲ್ಲದಷ್ಟು ನಯವಾಗಿದೆ, ಅಕ್ಕ ಚಿಕ್ಕವಳಾಗುತ್ತಿದ್ದಾಳೆ ಅಂದುಕೊಂಡಿದ್ದೆ. ಆಗಲೇ ಇತ್ತೋ ಏನೋ, ನನ್ನ ಕಿವಿಗೆ ಬೀಳಲಿಲ್ಲ. ನಿನಗೆ ಗೊತ್ತಿದ್ದೂ ನನಗೆ ಹೇಳಲಿಲ್ಲವೋ, ನಿನಗೂ ಗೊತ್ತಿಲ್ಲವೋ? ನಾಳೆಯೇ ಭಾವನನ್ನು ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸು. ನೆಪ ಹೇಳಬೇಡ, ನಿನ್ನ ದಮ್ಮಯ್ಯ. ಯಂತ್ರ ವಾಪಸು ಕೊಡುವುದಿಲ್ಲ, ಹಾಡು ಹೋದರೆ ಹೋಗಲಿ. ಇಷ್ಟು ವರ್ಷ ನಾನು ಇದೆ ಅಂದ ಕಡೆ ದೋಷ ಇದ್ದೇ ಇರುತ್ತಿತ್ತು. ಈ ಒಂದು ಸಲ ನನ್ನ ಕಿವಿ ಸುಳ್ಳಾಗಲಿ, ಅಕ್ಕ.